ಖುರ್ಷೀದ್ ಆಪಾಳ ಕಡೆಯ ರವಿವಾರ

ಕೆರೆಯ ದಂಡೆಗೆ ಗಂಡಸು ಗಾಳ ಹಾಕಿ ಕೂತರೆ ಅದಕ್ಕೆ ಹವ್ಯಾಸ ಎನ್ನುತ್ತಾರೆ. ಹೆಂಗಸು ಕೂತರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅರವತ್ತು ದಾಟಿದ ವಿಧವೆ ಕೂತಳೆಂದರಂತೂ ಮುಗಿದೇ ಹೋಯಿತು, ಊರೆಲ್ಲ ಅವಳ ಮಗನಿಗೆ ಬುದ್ಧಿ ಹೇಳಲು ಬರುತ್ತದೆ. ಹಾಗೆ ಬುದ್ಧಿ ಹೇಳಿಸಿಕೊಂಡವನು ಮಂಜೂರ್. ಅವನ ತಾಯಿ ಖುರ್ಷೀದ್ ಬೇಗಂ ನನ್ನ ಗೆಳತಿ. ಕಲಬುರಗಿಯ ಗಾಜಿಪುರದಲ್ಲಿ ಅವಳ ಮನೆ. ನನಗಿಂತ ಸ್ವಲ್ಪ ದೊಡ್ಡವಳಾದ್ದರಿಂದ ನಾನು ಅವಳನ್ನು ಆಪಾ ಎಂದೇ ಕರೆಯುವುದು.

ನಾನು ಶೇವಂತಾ, ಕುಸನೂರಿನವಳು. ಗಾಜಿಪುರದ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮಂಜೂರನ ಮಗಳು ಹೀನಾ ನನ್ನ ಅಂಗನವಾಡಿಯಲ್ಲೇ ಮೂಗು ಸೋರಿಸಿಕೊಂಡು ಹಾಡು ಕಲಿತವಳು. ಅವಳನ್ನು ಬಿಡಲು ಬಂದ ದಾದಿ, ಅಂದರೆ ಅವಳ ಅಜ್ಜಿ ಆಪಾ, ಬಾಗಿಲಲ್ಲೇ ನಿಂತು ನನ್ನೊಡನೆ ಮಾತಿಗಿಳಿದಳು, ಆ ಮಾತು ಇವತ್ತಿಗೂ ಮುಗಿದಿಲ್ಲ. ಹೀನಾ ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಆಪಾ ಮನೆಯಲ್ಲಿ ಆಡುವುದು ದಖನಿ ಉರ್ದು, ನನ್ನ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡನ್ನೂ ಕಲಸಿ. ಅವರ ಮನೆಯೊಳಗಿನ ಮಾತನ್ನೂ ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಆಪಾಳಿಗೆ ಗಾಳದ ಚಟ ಹತ್ತಿದ್ದು ತವರಿನಲ್ಲಿ. ಅವಳ ಅಬ್ಬಾನಿಗೆ ಗಂಡುಮಕ್ಕಳಿರಲಿಲ್ಲ. ಹಿರಿಮಗಳನ್ನೇ ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಕೆರೆಗೆ ಒಯ್ಯುತ್ತಿದ್ದನಂತೆ. ಮದುವೆಯಾಗಿ ಗಾಜಿಪುರಕ್ಕೆ ಬಂದ ಮೇಲೆ ಕೆರೆಯೂ ಹೋಯಿತು, ಗಾಳವೂ ಹೋಯಿತು, ಕೈಗೆ ದಬ್ಬಣ ಬಂತು. ಗಂಡನ ಗಾದಿ ಅಂಗಡಿಗೆ ಅವಳು ಮನೆಯಲ್ಲಿ ಕೂತು ಗಾದಿ, ರಜಾಯಿ ಹೊಲಿದಳು. ವರ್ಷಗಟ್ಟಲೆ ಆ ಹತ್ತಿಯ ಧೂಳಿನಲ್ಲಿ ಕೆಮ್ಮಿದಳು. ಆ ಕೆಮ್ಮು ಓಣಿಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಮುಂದೆ ಅವಳು ಗಾಳ ಹಿಡಿದದ್ದು ಮಾತ್ರ ಎಲ್ಲರ ಕಣ್ಣಿಗೂ ಬಿತ್ತು.

ಗಂಡ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ಕಮಲಾಪುರದಲ್ಲಿರುವ ನನ್ನ ತಂಗಿ ರಮಾಬಾಯಿಯ ಮನೆಗೆ ನಾವಿಬ್ಬರೂ ಹೋಗಿದ್ದೆವು. ಊರಾಚೆಯ ಕೆರೆಯ ಏರಿಯ ಮೇಲೆ ಯಾರೋ ಒಬ್ಬ ಗಾಳ ಹಾಕಿ ಕೂತಿದ್ದ. ಆಪಾ ಸೀದಾ ಅವನ ಹತ್ತಿರ ಹೋಗಿ, “ಅಣ್ಣಾ, ಒಂದ್ ಸಲ ಕೊಡ್ರಿ, ಹಿಡಿದು ನೋಡಿ ಕೊಡ್ತೀನಿ,” ಎಂದಳು. ಪಾಪ, ಆ ಮನುಷ್ಯ ಕೊಟ್ಟ. ಹೊತ್ತು ಮುಳುಗುವ ತನಕ ಅವನಿಗೆ ಅದು ವಾಪಸ್ ಸಿಗಲಿಲ್ಲ. ಮರುವಾರವೇ ಆಪಾ ತನ್ನದೊಂದು ಬಿದಿರಿನ ಗಳ, ನೈಲಾನ್ ದಾರ, ಕೊಂಡಿ ಎಲ್ಲ ಕೊಂಡುಕೊಂಡಳು. ಆಮೇಲೆ ಬಹುತೇಕ ರವಿವಾರ ನಾವಿಬ್ಬರೂ ಆ ಕೆರೆಯ ಮೇಲೆ. ನನಗೆ ಮೀನಿನ ಹುಚ್ಚೇನೂ ಇಲ್ಲ. ಆಪಾಳ ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತ ಊರವರನ್ನು ಬೈಯುವುದು ನನಗೆ ಬೇಕಾಗಿತ್ತು.

ಹೀಗಿರುವಾಗ ಹೀನಾಳಿಗೆ ಹುಮನಾಬಾದಿನಿಂದ ಒಂದು ಸಂಬಂಧ ಬಂತು. ಹುಡುಗ ತನ್ವೀರ್, ಓದಿದವನು, ನೌಕರಿ ಇದ್ದವನು. ಸಂಬಂಧ ತಂದ ಹೆಂಗಸು ಮಂಜೂರನನ್ನು ಬದಿಗೆ ಕರೆದು, ಹುಡುಗಿಯ ದಾದಿ ಕೆರೆಗೆ ಹೋಗಿ ಗಾಳ ಹಾಕುತ್ತಾಳಂತೆ ಎಂಬ ಸುದ್ದಿ ಹುಡುಗನ ತಾಯಿಯ ಕಿವಿಗೆ ಬಿದ್ದಿದೆ, ಅದೊಂದನ್ನು ಸರಿ ಮಾಡಿಕೊಳ್ಳಿ ಎಂದಳಂತೆ. ಮಂಜೂರ್ ಕೆಟ್ಟವನಲ್ಲ, ಪುಕ್ಕಲ. ಮನೆಗೆ ಬಂದು ತಾಯಿಯ ಮುಂದೆ ಮಾರಿ ಸಣ್ಣ ಮಾಡಿಕೊಂಡು ಕೂತ. ಇನ್ನು ಮುಂದೆ ಗಾಳ ಮುಟ್ಟುವುದಿಲ್ಲ ಎಂದು ಆಪಾ ಅವನಿಗೆ ಮಾತು ಕೊಟ್ಟುಬಿಟ್ಟಳು. ಬರುವ ರವಿವಾರ ಸಂಜೆಗೆ ಹುಡುಗನ ಕಡೆಯವರು ಹೀನಾಳನ್ನು ನೋಡಲು ಬರುವವರಿದ್ದರು. ಆ ದಿನ ಬೆಳಿಗ್ಗೆ ಮಾತ್ರ ಕಡೆಯ ಸಲ ಹೋಗಿ ಮಧ್ಯಾಹ್ನದೊಳಗೆ ಬಂದುಬಿಡುತ್ತೇನೆ ಎಂದು ಕೇಳಿಕೊಂಡಳಂತೆ. ಹೆತ್ತ ಮಗನನ್ನು ಕೇಳಿಕೊಂಡಳಂತೆ! ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

“ಮಾತು ಯಾಕ ಕೊಟ್ಟಿ?” ಎಂದು ಆ ರವಿವಾರ ಕಮಲಾಪುರದ ಬಸ್ಸಿನಲ್ಲಿ ಕೂತ ಕೂಡಲೇ ಜಗಳ ತೆಗೆದೆ.

“ಹೀನಾನ ಸಲುವಾಗಿ. ನಾಳಿಗಿ ನನ್ನಿಂದ ಸಂಬಂಧ ತಪ್ಪಿತಂದ್ರ ಆ ಹುಡುಗಿಗಿ ಏನ್ ಮಾರಿ ತೋರಿಸ್ಲಿ?”

“ಹೀನಾನ್ನ ಕೇಳಿದೇನು?”

“ಆಕಿನ್ನ ಯಾರು ಕೇಳ್ತಾರ?”

ಅದೇ ನನ್ನ ಸಿಟ್ಟು. ಮಂಜೂರ್ ಕೇಳಿರಲಿಲ್ಲ, ಅವನ ಹೆಂಡತಿ ಆಸ್ಫಿಯಾ ಕೇಳಿರಲಿಲ್ಲ, ಇಷ್ಟೆಲ್ಲ ಮಾತಾಡುವ ಆಪಾ ಕೂಡ ಕೇಳಿರಲಿಲ್ಲ. ನಾನು ಹೇಳಿದೆ, “ನಿನ್ನ ಜಾಗಾದಾಗ ನಾ ಇದ್ದಿದ್ರ ಗಳ ತಗೊಂಡು ಆ ಹೆಂಗಸಿನ ತಲಿಗಿ ಹೊಡೀತಿದ್ದೆ.” ಆಪಾ ನಗಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ನಸುಕಿನ ಚಳಿ, ತೊಗರಿಯ ಹೊಲಗಳ ಮೇಲೆ ಇನ್ನೂ ಮಂಜಿತ್ತು.

ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಯ ತೋಟಗಳ ಬದುವಿನ ಮೇಲೆ ಹಾಯ್ದು ಕೆರೆಗೆ ಹೋದೆವು. ಆ ವರ್ಷ ಮಳೆ ಚೆನ್ನಾಗಿತ್ತು, ಕೆರೆ ಏರಿಯ ತನಕ ತುಂಬಿತ್ತು. ಆಪಾ ಬುರ್ಖಾ ತೆಗೆದು ಮಡಿಚಿಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ದಾರ ಬಿಡಿಸಿ, ಹಿಟ್ಟಿನ ಡಬ್ಬಿ ತೆಗೆದಳು. ಗಾಳಕ್ಕೆ ಹಾಕುವ ಹಿಟ್ಟು ಅವಳೇ ಮನೆಯಲ್ಲಿ ಮಾಡುತ್ತಿದ್ದಳು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಬೆಲ್ಲ, ಬಡೇಸೋಪು, ಚೂರು ಇಂಗು, ಎಲ್ಲ ಹದವಾಗಿ ನಾದಿದ್ದು.

ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತುಬಿಟ್ಟಳು.

“ಯಾ ಅಲ್ಲಾ! ಇದು ಮಾಲಿದಾ!”

ತುಪ್ಪ, ಏಲಕ್ಕಿ, ಒಣಕೊಬ್ಬರಿಯ ವಾಸನೆ ನನ್ನ ತನಕ ಬಂತು. ಸಂಜೆ ಬರುವ ಬೀಗರ ಬಾಯಿ ಸಿಹಿ ಮಾಡಲೆಂದು ಆಪಾ ನಸುಕಿನಲ್ಲೇ ಎದ್ದು, ಗೋಧಿ ಚಪಾತಿಯನ್ನು ಪುಡಿ ಮಾಡಿ, ಬೆಲ್ಲ ತುಪ್ಪ ಹಾಕಿ ತಿಕ್ಕಿ, ಉಂಡೆ ಕಟ್ಟಿ, ಅದರ ಮೇಲೆ ಫಾತಿಹಾ ಓದಿ ಡಬ್ಬಿಗೆ ತುಂಬಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಎರಡೂ ಡಬ್ಬಿ ಒಂದರ ಪಕ್ಕ ಒಂದು. ಎರಡೂ ಸ್ಟೀಲು, ಎರಡರ ಮೇಲೂ ಬಿಳಿ ಬಟ್ಟೆ, ಒಳಗಿನ ಉಂಡೆಗಳ ಬಣ್ಣವೂ ಒಂದೇ. ಕರೆಂಟು ಬೇರೆ ಇರಲಿಲ್ಲ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ನಾನು ನಕ್ಕೆ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತೆ. “ಛಲೋ ಆತು ಬಿಡು ಆಪಾ. ಇವತ್ತ ಮೀನಿಗಿ ಹಬ್ಬ. ಹಾಕು ಗಾಳಕ್ಕ.”

“ಬಾಯಿ ಮುಚ್ಚು. ಫಾತಿಹಾ ಓದೀನಿ ಇದರ ಮ್ಯಾಲ. ಒಂದ್ ಕಾಳು ನೆಲಕ್ಕ ಬೀಳಬಾರದು. ಇದನ್ನ ಕೊಂಡಿಗಿ ಚುಚ್ಚಲೇನು?”

ನನಗೆ ದೇವರು ದಿಂಡರ ಗೊಡವೆ ಇಲ್ಲ. ನಮ್ಮ ಮನೆಯಲ್ಲಿರುವುದು ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಅಷ್ಟೇ. ಆದರೂ ಅವಳ ಮಾರಿ ನೋಡಿ ನಗು ನಿಲ್ಲಿಸಿದೆ. ಆಪಾ ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಇರುವೆ ಹತ್ತದ ಹಾಗೆ ಜಾಲಿಯ ಎತ್ತರದ ಟೊಂಗೆಗೆ ತೂಗುಹಾಕಿದಳು. ಮನೆಯಲ್ಲಿರುವ ಡಬ್ಬಿಯಲ್ಲಿ ಹಿಂಡಿಯ ಹಿಟ್ಟಿದೆ ಎಂಬುದೂ ಆಗಲೇ ಅವಳಿಗೆ ಹೊಳೆಯಿತು. ಬೀಗರು ಬರುವುದು ಸಂಜೆಗೆ ತಾನೆ, ಅಷ್ಟರೊಳಗೆ ಹೋಗಿ ಬದಲಿ ಮಾಡಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಈಗ ಗಾಳಕ್ಕೆ ಏನು ಹಾಕುವುದು? ಬಾಳೆತೋಟದಿಂದ ನೀರು ಹರಿದು ಬರುವ ಕಾಲುವೆಯ ಬದಿಯಲ್ಲಿ ಕಡ್ಡಿಯಿಂದ ಕೆದರಿ ಇಬ್ಬರೂ ಎರೆಹುಳು ಹುಡುಕಿದೆವು. ನನ್ನ ಮೊಳಕಾಲು ನನ್ನನ್ನು ಬೈದವು, ನಾನು ಆಪಾಳನ್ನು ಬೈದೆ. ಕೈತುಂಬ ಹುಳು ಸಿಕ್ಕಿದ ಮೇಲೆ ಅವಳ ಮಾರಿಯ ಮೇಲೆ ಮೊದಲ ಸಲ ಕಳೆ ಬಂತು.

“ಹಿಟ್ಟಿದ್ರ ರೋಹು ಹಿಡೀತಿದ್ದೆ. ಹುಳಕ್ಕ ಮರಲ್ ಬರ್ತದ ನೋಡು. ಆ ಕಸದ ಅಂಚಿಗಿ ಹಾಕ್ತೀನಿ.”

ಮರಲ್ ಎಂದರೆ ಹಾವಿನ ತಲೆಯಂಥ ತಲೆ ಇರುವ ಕಪ್ಪು ಮೀನು. ನೀರಿನ ಕಸದಡಿ ಹೊಂಚು ಹಾಕಿ ಕೂಡುತ್ತದೆ, ಬೇಟೆಯ ಮೇಲೆ ಒಮ್ಮೆಲೇ ಬೀಳುತ್ತದೆ. ನೀರಿನಿಂದ ಹೊರಗೆ ತೆಗೆದರೂ ಬಹಳ ಹೊತ್ತು ಜೀವ ಬಿಡುವುದಿಲ್ಲ. ಅವಳ ಅಬ್ಬಾ ಹಿಡಿಯುತ್ತಿದ್ದದ್ದು ಅದನ್ನೇ. ಕಮಲಾಪುರದ ಕೆರೆಗೆ ಬರಲು ಸುರು ಮಾಡಿದ ಮೇಲೆ ಆಪಾಳಿಗೆ ಒಂದು ಮರಲ್ ಕೂಡ ಸಿಕ್ಕಿರಲಿಲ್ಲ.

ಬಿಸಿಲು ಏರಿತು. ಕೆರೆಯ ಏರಿಯ ಪಕ್ಕದಲ್ಲೇ ಹುಮನಾಬಾದಿನ ರಸ್ತೆ. ಅಲ್ಲಿಂದ ಹೋಗುವ ಬೈಕಿನವರು ನಮ್ಮನ್ನು ನೋಡಿ ಹಾರ್ನ್ ಹೊಡೆಯುವುದು ದಿನದ ಮಾತು. ಒಬ್ಬ ನಿಂತು, “ಏನಮ್ಮಾ, ಮನ್ಯಾಗ ಸ್ವಸಿ ಅನ್ನ ಹಾಕಲ್ಲೇನು?” ಎಂದ. “ಹಾಕ್ತಾಳಪ್ಪ. ನಿನಗ ಮನ್ಯಾಗ ಕೆಲಸ ಕೊಟ್ಟಿಲ್ಲೇನು?” ಎಂದೆ. ಗಾಡಿ ಎಬ್ಬಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಒಂದು ಬಿಳಿ ಕಾರು ನಿಧಾನ ಮಾಡಿತು. ಹಿಂದೆ ಕೂತ ಹೆಂಗಸು ಗಾಜು ಇಳಿಸಿ, ಮೃಗಾಲಯದಲ್ಲಿ ನೋಡುವ ಹಾಗೆ ನಮ್ಮನ್ನು ನೋಡಿದಳು. ಕಾರು ನಡೆಸುತ್ತಿದ್ದ ಹುಡುಗ ಮಾತ್ರ ನಗುತ್ತ ಕೈ ಎತ್ತಿದ. ನಾನೂ ಅಂಗನವಾಡಿಯ ರೂಢಿಯಂತೆ ಟಾಟಾ ಮಾಡಿದೆ.

ಗಾಳಕ್ಕೆ ಏನೂ ಬೀಳಲಿಲ್ಲ. ಆಪಾ ಹುಳು ಬದಲಿಸಿದಳು, ಜಾಗ ಬದಲಿಸಿದಳು. ಎಂದಿನ ಹರಟೆ ಇರಲಿಲ್ಲ. ಒಮ್ಮೆ ಮಾತ್ರ ಹೇಳಿದಳು, “ಶೇವಂತಾ, ಇಲ್ಲಿ ಕುಂತಾಗ ನನಗ ಯಾರೂ ಅಮ್ಮಿ ಅನ್ನಲ್ಲ, ದಾದಿ ಅನ್ನಲ್ಲ, ಅದು ಎಲ್ಲದ ಇದು ಎಲ್ಲದ ಕೇಳಲ್ಲ. ನಾ ಖುರ್ಷೀದ್ ಇರ್ತೀನಿ. ಮುಂದಿನ ಐತ್ವಾರ ನಾ ಏನ್ ಮಾಡ್ಲಿ ಹೇಳು.”  ನಾನು ಶೇಂಗಾ ಸುಲಿದು ಅವಳ ಕೈಗೆ ಹಾಕಿದೆ.

ಆಗ ಫೋನು ಬಡಿದುಕೊಂಡಿತು. ಆಪಾಳಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಆ ಕಡೆ ಹೀನಾ, ನಗು ತಡೆದುಕೊಂಡ ದನಿ.

“ದಾದಿ, ಅವರು ಈಗೇ ಬಂದ್ಬಿಟ್ಟಾರ! ಸಂಜಿಕಿ ಬ್ಯಾರೆ ಕಡೆ ಹೋಗೋದದ ಅಂತ. ಅಮ್ಮಿ ಮಾಲಿದಾ ಪ್ಲೇಟಿಗಿ ಹಾಕ್ಲಿಕ್ಕೆ ಡಬ್ಬಿ ತೆಗೆದಾಳ, ಒಳಗ ಬರೀ ಹಿಂಡಿ ವಾಸನಿ! ನೀ ಏನ್ ತಗೊಂಡು ಹೋಗೀದಿ?”

ಆಪಾ ಉತ್ತರ ಕೊಡುವಷ್ಟರಲ್ಲಿ ಫೋನು ಮಂಜೂರನ ಕೈಗೆ ಹೋಯಿತು. ಅವನು ಒಳಕೋಣೆಯಲ್ಲಿ ನಿಂತು ಪಿಸುಗುಡುತ್ತಿದ್ದ.

“ಅಮ್ಮಿ, ಸುಮ್ನೆ ಕೇಳ್ರಿ. ನೀವು ಎಲ್ಲಿ ಅಂತ ಅವರು ಕೇಳಿದ್ರು. ದರ್ಗಾಕ್ಕ ಹೋಗ್ಯಾಳ, ನಿಯಾಜಿನ ಮಾಲಿದಾ ತಗೊಂಡು ಬರ್ತಾಳ ಅಂತ ಹೇಳೀನಿ. ನೀವೂ ಹಂಗೇ ಹೇಳ್ರಿ. ಗಳ ಗಿಳ ಶೇವಂತಾ ಮೌಸಿ ಕೈಯಾಗ ಕೊಟ್ಟು, ಬುರ್ಖಾ ಹಾಕ್ಕೊಂಡು, ಹಿಂದಿನ ಬಾಗಿಲಿಂದ ಬರ್ರಿ.” ಆಮೇಲೆ ದನಿ ಇನ್ನೂ ತಗ್ಗಿಸಿ, “ಮೌಸಿನ್ನ ಇವತ್ತ ಕರ್ಕೊಂಡು ಬರಬ್ಯಾಡ್ರಿ. ಯಾರು, ಯಾವ ಮಂದಿ ಅಂತ ಅವರು ಕೇಳ್ತಾರ,” ಎಂದ.

ಈ ಮಂಜೂರನ ಮಗಳ ಮೂಗು ಒರೆಸಿದ್ದು ನಾನು. ಈದ್ ದಿನ ಅವನ ಮನೆಯಲ್ಲಿ ಶೀರ್‌ಕುರ್ಮಾ ಕುಡಿಯದ ವರ್ಷವಿಲ್ಲ. ಆ ಮಾತು ನನಗೆ ನಾಟಿತು, ನಾಟಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗೆ. ಆಪಾ ನನ್ನ ಕಡೆ ನೋಡದೆ, “ಹೂಂ,” ಎಂದು ಫೋನು ಇಟ್ಟಳು.

ಅವಳು ದಾರ ಸುತ್ತಲು ಎದ್ದು ನಿಂತಳು. ಸುತ್ತಲು ಆಗಲಿಲ್ಲ. ಕಸದ ಅಂಚಿನಲ್ಲಿ ನೀರು ಫಟ್ಟೆಂದು ಸಿಡಿಯಿತು, ಗಳ ಬಾಗಿ ತುದಿ ನೀರು ಮುಟ್ಟಿತು. “ಮರಲ್!” ಎಂದು ಚೀರಿದಳು. ಮೀನು ಕಸದೊಳಗೆ ನುಗ್ಗಲು ಜಗ್ಗುತ್ತಿತ್ತು, ಇವಳು ಈಚೆ ಜಗ್ಗುತ್ತಿದ್ದಳು. ಗಳ ಸೀಳುವ ಸದ್ದಾಯಿತು. ಆಪಾ ಗಳವನ್ನು ನನ್ನ ಕೈಗೆ ಎಸೆದು, ದುಪಟ್ಟಾದ ಸೆರಗನ್ನು ಅಂಗೈಗೆ ಸುತ್ತಿಕೊಂಡು, ದಾರವನ್ನೇ ಹಿಡಿದಳು. ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಮೊಳಕಾಲು ಮಟ್ಟ ನೀರಿಗೆ ಇಳಿದಳು.

“ಬಿಟ್ಟುಬಿಡು ಆಪಾ, ಬಿದ್ದೀ!” ಎಂದು ನಾನು ಕೂಗಿಕೊಂಡೆ.

“ಬಿಡಲ್ಲ! ನಾ ಎಲ್ಲಾ ಬಿಟ್ಟೀನಿ, ಇದನ್ನ ಬಿಡಲ್ಲ!”

ಮೀನಿಗೆ ಹೇಳಿದಳೋ, ಮಗನಿಗೆ ಹೇಳಿದಳೋ, ಅವಳೇ ಹೇಳಬೇಕು. ಕಡೆಗೆ ತೋಳಿನುದ್ದದ ಕಪ್ಪು ಮೀನು ಹುಲ್ಲಿನ ಮೇಲೆ ಬಂದು ಬಿತ್ತು. ಅದರ ಪಕ್ಕದಲ್ಲಿ ಆಪಾ ಕೂಡ ಕೂತುಬಿಟ್ಟಳು, ಏದುಸಿರು ಬಿಡುತ್ತ, ಸಲ್ವಾರೆಲ್ಲ ಕೆಸರು, ಅಂಗೈಯಲ್ಲಿ ದಾರ ಕೊಯ್ದ ಗೆರೆ. ಅವಳು ನಗುತ್ತಿದ್ದಳು. ಅಷ್ಟು ಖುಷಿಯಾಗಿದ್ದ ಖುರ್ಷೀದ್ ಆಪಾಳನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ನಾವು ತಂದಿದ್ದ ಪ್ಲಾಸ್ಟಿಕ್ ಬಕೀಟಿಗೆ ನೀರು ತುಂಬಿ ಮೀನು ಬಿಟ್ಟು, ಮೇಲೆ ಒದ್ದೆ ಬಟ್ಟೆ ಕಟ್ಟಿದೆವು. ಜಾಲಿಯ ಟೊಂಗೆಯಿಂದ ಮಾಲಿದಾ ಡಬ್ಬಿ ಇಳಿಸಿಕೊಂಡೆವು. ಬಸ್ಸಿಗೆ ಕಾಯುವಷ್ಟು ಹೊತ್ತಿರಲಿಲ್ಲ, ಕಲಬುರಗಿ ಕಲಬುರಗಿ ಎಂದು ಕೂಗುತ್ತಿದ್ದ ಕ್ರೂಸರ್ ಜೀಪು ಹತ್ತಿದೆವು. ಜನರ ಮೊಳಕಾಲುಗಳ ನಡುವೆ ಬಕೀಟು, ಆಪಾಳ ತೊಡೆಯ ಮೇಲೆ ಡಬ್ಬಿ, ಕಿಟಕಿಯ ಹೊರಗೆ ಗಳ. ಮೀನು ಆಗಾಗ ಬಟ್ಟೆಯನ್ನು ಗುದ್ದುತ್ತಿತ್ತು. ಪಕ್ಕದವರು ಕಾಲು ಎಳೆದುಕೊಳ್ಳುತ್ತಿದ್ದರು.

ಕುಸನೂರಿನ ತಿರುವು ಹತ್ತಿರವಾದಾಗ ನಾನೇ ಹೇಳಿದೆ, “ಗಳ, ಬಕೀಟು ನನಗ ಕೊಡು ಆಪಾ. ನಾ ಇಲ್ಲೇ ಇಳೀತೀನಿ. ನೀ ಡಬ್ಬಿ ತಗೊಂಡು ಹೋಗು.” ಸಿಟ್ಟು ನನಗೂ ಇತ್ತು. ಆದರೆ ಹೀನಾ ನನ್ನ ಕಣ್ಣೆದುರು ಬೆಳೆದ ಹುಡುಗಿ, ಅವಳ ಕೆಲಸ ಕೆಡಬಾರದಲ್ಲ. ಆಪಾ ಗಳವನ್ನು ಬಿಡಲಿಲ್ಲ. ತಿರುವು ದಾಟಿಹೋಯಿತು.

ಗಾಜಿಪುರದ ಓಣಿಯ ಬಾಯಿಗೆ ಬಂದು ಇಳಿದೆವು. ಎಡಕ್ಕೆ ಹೋದರೆ ಹಿಂದಿನ ಬಾಗಿಲು, ನೆಟ್ಟಗೆ ಹೋದರೆ ಮುಂದಿನದು. ಬುರ್ಖಾ ಇನ್ನೂ ಅವಳ ಚೀಲದಲ್ಲೇ ಇತ್ತು. ಆಪಾ ಅಲ್ಲೇ ನಿಂತು, ಮನೆಯ ಕಡೆ ನೋಡುತ್ತ ಹೇಳಿದಳು, “ಶೇವಂತಾ, ಗಾಳ ಬಿಡ್ತೀನಂತ ಮಾತು ಕೊಟ್ಟೀನಿ, ಬಿಡ್ತೀನಿ. ಗಾಳ ಹಿಡಿದೇ ಇಲ್ಲಂತ ಹೇಳ್ತೀನಂತ ಮಾತು ಕೊಟ್ಟಿಲ್ಲ. ಅದೂ ದರ್ಗಾದ ಹೆಸರು ಹೇಳಿ ಸುಳ್ಳು? ನನ್ನ ಬಾಯಿಂದ?”

“ಮತ್ತ ನಾ?”

“ನೀ ಬಕೀಟು ಹಿಡಿ. ನನ್ನ ಮುಂದ ನಡಿ.”

ಮುಂದಿನ ಬಾಗಿಲ ಹತ್ತಿರ ಬಿಳಿ ಕಾರು ನಿಂತಿತ್ತು. ಕೆರೆಯ ಹತ್ತಿರ ನಿಧಾನ ಮಾಡಿದ್ದು ಅದೇ ಎಂದು ನನಗೆ ಗೊತ್ತಾಯಿತು. ಆಪಾಳಿಗೂ ಗುರುತು ಹತ್ತಿತು. ಒಂದು ಗಳಿಗೆ ನಾವಿಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡೆವು. ಆಮೇಲೆ ಅವಳು ನನ್ನ ಬೆನ್ನಿಗೆ ಕೈ ಹಚ್ಚಿ ಒಳಗೆ ದೂಡಿದಳು.

ಒಳಗೆ ದೊಡ್ಡ ಕೋಣೆಯಲ್ಲಿ ಊಟದ ಬಟ್ಟೆ ದಸ್ತರಖಾನ್ ಹಾಸಿ ಊಟ ಮುಗಿದಿತ್ತು. ಕಾರಿನ ಗಾಜು ಇಳಿಸಿದ್ದ ಹೆಂಗಸು ಲೋಡಿಗೆ ಒರಗಿ ಕೂತಿದ್ದಳು, ಅವಳೇ ಹುಡುಗನ ತಾಯಿ. ಕೈ ಎತ್ತಿದ್ದ ಹುಡುಗನೇ ತನ್ವೀರ್. ಅವರು ಕಮಲಾಪುರದಲ್ಲಿ ಕೊಂಡು ತಂದ ಕೆಂಪು ಬಾಳೆಯ ಗೊನೆ ಮೂಲೆಯಲ್ಲಿತ್ತು. ಆ ಹೆಂಗಸು ಹೊಸ್ತಿಲು ದಾಟುತ್ತಲೇ, ದಾರಿಯಲ್ಲಿ ಇಬ್ಬರು ಮುದುಕಿಯರು ಕೆರೆಯ ಮೇಲೆ ಗಾಳ ಹಾಕಿ ಕೂತಿದ್ದರು, ಎಂಥಾ ಕಾಲ ಬಂತು ಎಂದು ಹೇಳಿ ನಕ್ಕಿದ್ದಳೆಂದೂ, ಮಂಜೂರನೂ ಅವಳ ಜೊತೆ ನಕ್ಕನೆಂದೂ ಹೀನಾ ಆಮೇಲೆ ನನಗೆ ಹೇಳಿದಳು. ಈಗ ಆ ಇಬ್ಬರು ಮುದುಕಿಯರೂ ಅವರೆದುರು ನಿಂತಿದ್ದೆವು. ಮಂಜೂರ್ ಹಿಂದಿನ ಬಾಗಿಲ ಕಡೆ ನೋಡಿದ.

“ಅಸ್ಸಲಾಮು ಅಲೈಕುಂ,” ಎಂದಳು ಆಪಾ. ಗಳವನ್ನು ಗೋಡೆಗೆ ಒರಗಿಸಿದಳು. “ತಡ ಆತು, ಮಾಫ್ ಮಾಡ್ರಿ. ಕಮಲಾಪುರದಿಂದ ಬರಬೇಕಲ್ಲ.”

“ನೀವೇ ಏನ್ರಿ ಕೆರಿ ಮ್ಯಾಲ ಇದ್ದವ್ರು?” ಹುಡುಗನ ತಾಯಿಯ ದನಿ ತಣ್ಣಗಿತ್ತು. “ದರ್ಗಾಕ್ಕ ಹೋಗೀರಿ ಅಂತ ಹೇಳಿದ್ರಲ್ಲ ನಿಮ್ಮ ಮಗ.”

“ನನ್ನ ಮಗ ಹೆದರಿ ಹೇಳ್ಯಾನ. ನಾ ಕೆರಿಗೇ ಹೋಗಿದ್ದೆ, ಮೀನ ಹಿಡೀಲಿಕ್ಕಿ. ಇಕಿ ಶೇವಂತಾ, ಕುಸನೂರಾಕಿ, ನನ್ನ ಗೆಳತಿ. ನೀವು ಹೀನಾನ್ನ ನೋಡ್ಲಿಕ್ಕಿ ಬಂದೀರಲ್ಲ, ಆಕಿಗಿ ಮೊದಲ ಪಾಠ ಕಲಿಸಿದಾಕಿ. ಮನಿ ಮಂದಿ ಇದ್ದಂಗ.”

ಆಮೇಲೆ ನನ್ನನ್ನು ಕೈ ಹಿಡಿದು ದಸ್ತರಖಾನಿನ ಪಕ್ಕ, ಅವರ ಸರಿಸಮ ಕೂಡಿಸಿದಳು. ನನ್ನ ಸೀರೆಯಿಂದ ಕೆರೆಯ ಕೆಸರು ಅವರ ಜಮಖಾನೆಗೆ ತಾಗಿತು. ನಾನು ಸೆರಗು ಎಳೆದುಕೊಳ್ಳಲಿಲ್ಲ. ಆಪಾ ಡಬ್ಬಿ ಬಿಚ್ಚಿ ನಡುವೆ ಇಟ್ಟಳು. “ನನ್ನ ಕೈಯಾರೆ ಮಾಡಿದ್ದು, ಫಾತಿಹಾ ಓದಿದ್ದು. ಕತ್ತಲಾಗ ಡಬ್ಬಿ ಅದಲಿ ಬದಲಿ ಆಗಿತ್ತು. ಒಂದ್ ಕಾಳೂ ಚೆಲ್ಲಿಲ್ಲ, ತಗೋರಿ.”

ಯಾರೂ ಕೈ ಚಾಚಲಿಲ್ಲ. ಬಕೀಟಿನಲ್ಲಿ ಮೀನು ಒಮ್ಮೆ ಜೋರಾಗಿ ಗುದ್ದಿತು, ನೀರು ನೆಲಕ್ಕೆ ಚೆಲ್ಲಿತು. ಆಸ್ಫಿಯಾ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಹಚ್ಚಿ ನಿಂತಿದ್ದಳು. ಮಂಜೂರ್ ಎದ್ದು ನಿಂತು, “ಅಮ್ಮಿ ಇನ್ಮುಂದ ಹೋಗಲ್ರಿ,” ಎಂದು ತೊದಲಿದ. “ಇವತ್ತೇ ಕಡೀದು. ಮಾತು ಕೊಟ್ಟಾರ. ಹೌದಿಲ್ಲೋ ಅಮ್ಮಿ?”

“ಹೌದು,” ಎಂದಳು ಆಪಾ. “ಹೀನಾನ ಸಲುವಾಗಿ ಕೊಟ್ಟೀನಿ.”

ಆ ಮಾತು ಅವಳ ಬಾಯಿಂದ ಬರುವಾಗ ದನಿ ನಡುಗಿತು. ನಾನು ನೆಲ ನೋಡುತ್ತ ಕೂತೆ. ಅಲ್ಲಿದ್ದವರನ್ನೆಲ್ಲ ಎತ್ತಿ ಕೆರೆಗೆ ಒಗೆಯಬೇಕು ಅನ್ನಿಸಿತು.

ಹುಡುಗನ ತಾಯಿಗೆ ಈಗ ಸಮಾಧಾನವಾಯಿತು. “ಛಲೋ ಮಾಡಿದ್ರಿ. ವಯಸ್ಸಾದ ಮ್ಯಾಲ ಮನ್ಯಾಗ ಕುಂತ್ರೇ ಶೋಭಾ. ನಮ್ಮ ಮನ್ಯಾಗ ಹೆಣ್ಮಕ್ಕಳು ಹಿಂಗ ರಸ್ತಾದ ಮ್ಯಾಲ ಕುಂಡ್ರೋದು ನಡೆಯಲ್ಲ ನೋಡ್ರಿ.” ಚಹಾದ ಟ್ರೇ ಹಿಡಿದು ಬಂದಿದ್ದ ಹೀನಾಳ ಕಡೆ ತಿರುಗಿ, ನಗುತ್ತ ಕೇಳಿದಳು, “ನಿನಗ ಇಂಥಾ ಚಟ ಏನೂ ಇಲ್ಲಲ್ಲ, ಬೇಟಾ?”

ಅವತ್ತಿನ ದಿನ ಹೀನಾಳನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಅವಳು ಟ್ರೇಯನ್ನು ಕೆಳಗಿಟ್ಟಳು. ತಲೆಯ ಮೇಲಿನ ದುಪಟ್ಟಾ ಸರಿ ಮಾಡಿಕೊಂಡಳು. ದಾದಿಯ ಕೆಸರಾದ ಕಾಲು, ದಾರ ಕೊಯ್ದ ಅಂಗೈ ನೋಡಿದಳು. ಡಬ್ಬಿಯಿಂದ ಒಂದು ಮಾಲಿದಾ ಉಂಡೆ ತೆಗೆದು, ಅರ್ಧ ನನ್ನ ಕೈಗೆ ಕೊಟ್ಟು, ಅರ್ಧ ತಾನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು.

“ಇನ್ನಾ ಕಲ್ತಿಲ್ರಿ,” ಎಂದಳು. “ಬರೋ ಐತ್ವಾರದಿಂದ ದಾದಿ ಜೊತಿಗಿ ಹೋಗಿ ಕಲೀತೀನಿ. ನಡೆಯಲ್ಲಂದ್ರ ಈಗೇ ಹೇಳ್ಬಿಡ್ರಿ.”

ತನ್ವೀರ್ ತಡೆಯಲಾರದೆ ನಕ್ಕುಬಿಟ್ಟ. ತಾಯಿ ಕಣ್ಣು ಬಿಟ್ಟ ಕೂಡಲೇ ಟ್ರೇಯಿಂದ ಚಹಾದ ಕಪ್ಪು ಎತ್ತಿ ಅದರೊಳಗೆ ಮಾರಿ ಹುದುಗಿಸಿದ. ಮಂಜೂರ್, “ಹೀನಾ!” ಎಂದು ಗದರಿ ಮುಂದೆ ಬಂದ.

ಆಪಾ ಎದ್ದು ಮಗನಿಗೂ ಮೊಮ್ಮಗಳಿಗೂ ನಡುವೆ ನಿಂತಳು. ಈಗ ಅವಳ ದನಿ ನಡುಗುತ್ತಿರಲಿಲ್ಲ.

“ಆಕಿನ್ನ ಬೈಬ್ಯಾಡ ಮಂಜೂರ್. ಮಾತು ನಾ ಆಕಿ ಸಲುವಾಗಿ ಕೊಟ್ಟಿದ್ದೆ. ಆಕಿನೇ ನನಗ ವಾಪಸ್ ಕೊಟ್ಟಳು.”